ಗುರವ್ವನ ಟಾಕಿಗೆ ಬಂದ ಸಮುದ್ರದ ಗುಣ

ಹೂವಿನ ಹಿಪ್ಪರಗಿಯ ಗುರವ್ವ ಸಮುದ್ರ ಕಂಡವಳಲ್ಲ. ಆದರೆ ಆಕೆಯ ಹಿತ್ತಲಿನ ನೀರಿನ ಟಾಕಿಗೆ ಸಮುದ್ರದ ಗುಣ ಬಂದಿದೆಯೆಂದು ಗಂಡ, ನಿವೃತ್ತ ಹೆಡ್‌ಮಾಸ್ತರ ಶ್ರೀಶೈಲಪ್ಪ, ಕಂಡುಹಿಡಿದಿದ್ದರು.

ಬೆಳಿಗ್ಗೆ ನಳದ ನೀರಿನಿಂದ ಟಾಕಿ ತುಂಬುತ್ತಿತ್ತು. ಸಂಜೆ ಮಾಸ್ತರರು ಮುಚ್ಚಳ ಸರಿಸಿ ಅಳೆಯುತ್ತಿದ್ದರು. ಉಳಿದ ದಿನ ನೀರು ಒಂದು ಗೇಣು ಇಳಿದರೆ ಅಮಾವಾಸ್ಯೆ, ಹುಣ್ಣಿಮೆಗೆ ಮೂರು ಗೇಣು. ನಾಲ್ಕು ತಿಂಗಳಿಂದ ಒಮ್ಮೆಯೂ ತಪ್ಪಿರಲಿಲ್ಲ. ಸಮುದ್ರವೂ ಆ ಎರಡು ದಿನವೇ ಹೆಚ್ಚು ಏರಿಳಿಯುತ್ತದೆಂದು ಪುಸ್ತಕದಲ್ಲಿತ್ತು. ಇನ್ನೇನು ಬೇಕು? ೨೦೦೨ರ ವಿಜ್ಞಾನ ದಿನಕ್ಕೆ ಬಾಗೇವಾಡಿಯ ಶಾಲೆಯೊಂದು ಅವರನ್ನು ಭಾಷಣಕ್ಕೆ ಕರೆದಿತ್ತು. ಹಳೆಯ ಶಿಷ್ಯರೆಲ್ಲ ಬರುವವರಿದ್ದರು. ಕೋಟು ಇಸ್ತ್ರಿಯಾಗಿತ್ತು. ಮಾಡಿದವಳು ಗುರವ್ವ.

ಭಾಷಣದ ಹಿಂದಿನ ದಿನ ಭಾರತ ಹುಣ್ಣಿಮೆ. ಬೆಳಿಗ್ಗೆಯೇ ಗುರವ್ವ ಸಿಕ್ಕಿಸಿದ ಸೆರಗು ಬಿಚ್ಚಿ ಕಟ್ಟೆಯ ಮೇಲೆ ಕುಳಿತಳು.

"ಇವತ್ತ ಚಂದ್ರನ ಕೈ ನೋಡೂಣ್ರಿ. ನಾ ಟಾಕಿ ಮುಟ್ಟೂದಿಲ್ಲ."

ಮನೆ ಸಾರಿಸಲಿಲ್ಲ. ದೇವರ ಸಾಮಾನು ತೊಳೆಯಲಿಲ್ಲ. ಹಾಸಿಗೆ, ಹೊದಿಕೆ ಒಗೆಯಲಿಲ್ಲ. ಹೋಳಿಗೆಯ ಬೇಳೆ ಡಬ್ಬಿಯಲ್ಲೇ ಉಳಿಯಿತು. ಮಾಸ್ತರರು ಸ್ನಾನವಿಲ್ಲದೆ ಚುರುಮುರಿ ತಿಂದರು.

ಸಂಜೆ ನೀರು ಕೂದಲೆಳೆಯಷ್ಟೂ ಇಳಿದಿರಲಿಲ್ಲ.

"ಸಮುದ್ರ ಸಾವಿರಾರು ಮೈಲಿ ಅಗಲ ಐತಪ್ಪಾ," ಎಂದಳು ಪಿಯುಸಿ ಓದುವ ಮಗಳು ಭುವನೇಶ್ವರಿ. "ಚಂದ್ರ ಒಂದ ಕಡೆ ಜಾಸ್ತಿ, ಒಂದ ಕಡೆ ಕಡಿಮಿ ಜಗ್ಗತಾನ. ಅದಕ್ಕ ಅಲ್ಲಿ ನೀರು ಏರತೈತಿ, ಇಳೀತೈತಿ. ನಮ್ಮ ಟಾಕಿ ಆರ ಫೂಟ. ಎಲ್ಲಾ ಕಡೆ ಸರೀನ ಜಗ್ಗತಾನ."

"ಹಂಗಾರ ನಾಕ ತಿಂಗಳ ಆ ನೀರ ಎಲ್ಲಿ ಹೋತು?"

ಗುರವ್ವ ತಾಮ್ರದ ಕೊಡವನ್ನು ಅವರ ಮುಂದಿಟ್ಟಳು. "ಇದನ್ನ ಕೇಳ್ರಿ. ಅಮಾಸಿಗೆ, ಹುಣ್ಣಿವಿಗೆ ನಲವತ್ತ ಸಲ ಮುಳುಗತೈತಿ. ನೀವು ಪೇಪರ ಹಿಡದ ಕುಂತಿರ್ತೀರಿ, ಕಾಣೂದಿಲ್ಲ."

"ಮೊದಲ ಹೇಳಬಾರದೇನ?"

"ನೀವು ಮೊದಲ ಕೇಳಬಾರದೇನ್ರಿ? ಹೋಗಿ ಚಂದ್ರನ್ನ ಕೇಳಿದ್ರಿ. ನಾಳೆ ಮಂದಿ ಮುಂದ ನಗೆಪಾಟಲ ಆಗ್ತೀರಿ ಅಂತನ ಇವತ್ತ ಕುಂತೇನಿ."

ಮರುದಿನ ಮಾಸ್ತರರು ಭಾಷಣದಲ್ಲಿ ಇದ್ದದ್ದನ್ನು ಇದ್ದಂತೆ ಹೇಳಿದರು. ಟಾಕಿಯಲ್ಲಿ ಚಂದ್ರನ ಪಾಲು ಸೊನ್ನೆ, ನಲವತ್ತು ಕೊಡವೂ ಮನೆಯಾಕೆಯದು. ಚಪ್ಪಾಳೆ ಜೋರಾಗಿ ಬಿತ್ತು. ಮನೆಗೆ ಬಂದು ಎದೆಯುಬ್ಬಿಸಿ ವರದಿ ಒಪ್ಪಿಸಿದರು.

"ಮನಿಯಾಕಿಗೆ ಹೆಸರಿಲ್ಲೇನ್ರಿ?" ಎಂದಳು ಗುರವ್ವ.

ಮಾಸ್ತರರು ಹೆಸರು ಹೇಳಲು ಮರೆತಿದ್ದರು.

ಆ ಮರೆವಿಗೆ ದಂಡವಾಗಿ ಶಿವರಾತ್ರಿ ಅಮಾವಾಸ್ಯೆಯಂದು ಕೊಡ ಅವರ ಕೈಗೆ ಬಂತು. ಸಂಜೆ ನೀರು ಸರಿಯಾಗಿ ಮೂರು ಗೇಣು ಇಳಿದಿತ್ತು. ಅಳೆದವಳು ಗುರವ್ವ. ಮಾಸ್ತರರು ಪಡಸಾಲೆಯಲ್ಲಿ ಬೋರಲು ಮಲಗಿ ನರಳುತ್ತಿದ್ದರು.

"ಅಪ್ಪಗ ಏನಾತಬೇ?"

"ಚಂದ್ರನ ಸೊಂಟ ಹಿಡದೈತಿ. ಎಣ್ಣಿ ಕಾಸು."