ಕೆಮ್ಮು ಇರಲಿ ಎಂದ ಮೇಲೆ

ಶಿವಮೊಗ್ಗದ ಸಣ್ಣ ರೇಡಿಯೋ ಕೇಂದ್ರವೊಂದರಲ್ಲಿ ನಾನು ಕಾರ್ಯಕ್ರಮ ನಡೆಸಿಕೊಡುತ್ತಿದ್ದಾಗ, ಧ್ವನಿಮುದ್ರಣ ನೋಡಿಕೊಳ್ಳುತ್ತಿದ್ದವರನ್ನು ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ಯಾರೇ ಬಂದರೂ "ಮೊದ್ಲು ಮಾತಾಡಿ, ಮೈಕ್ ಆಮೇಲೆ" ಎಂದು ಕಣ್ಣು ಮುಚ್ಚಿ ಕೂರುತ್ತಿದ್ದರು. ದನಿ ಕೇಳಿದ ಮೇಲೆಯೇ ಅದಕ್ಕೆ ಹೊಂದುವ ಮೈಕನ್ನು ಸ್ಟ್ಯಾಂಡಿಗೆ ಹಾಕುತ್ತಿದ್ದರು.

ಒಮ್ಮೆ ಭದ್ರಾವತಿಯಿಂದ ಕಾರ್ಖಾನೆಯ ನಿವೃತ್ತ ಕೆಲಸಗಾರರೊಬ್ಬರು ಹೆಂಡತಿಯ ಜೊತೆ ಬಂದರು. ಅವರ ಗಂಟಲಲ್ಲಿ ಕ್ಯಾನ್ಸರ್ ಇತ್ತು. ಆಪರೇಷನ್ ಆದರೆ ದನಿ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಅದಕ್ಕೂ ಮೊದಲು ಹೆಂಡತಿಗಾಗಿ ನಾಲ್ಕು ಮಾತು ಉಳಿಸಬೇಕಿತ್ತು.

ಅಕ್ಕ ಮೊದಲು ಹಾಕಿದ ದುಬಾರಿ ಮೈಕಿನಲ್ಲಿ ಅವರ ದನಿಗಿಂತ ಹೊರಗಿನ ಬಸ್ಸುಗಳೇ ಜೋರಾಗಿ ಕೇಳಿಸಿದವು. ಅಕ್ಕ ಅದನ್ನು ತೆಗೆದು, ಹಾಡುಗಾರರು ಕೈಯಲ್ಲಿ ಹಿಡಿಯುವಂಥ ಮೈಕನ್ನು ಅವರ ತುಟಿಯ ಹತ್ತಿರ ಇಟ್ಟರು. ಆ ಹಿರಿಯರು ಹೆಂಡತಿಯನ್ನು ದಿನಾ ಮನೆಯಲ್ಲಿ ಕರೆಯುವ ಹಾಗೆಯೇ ಕರೆದರು: "ಬಾರೆ, ಒಟ್ಟಿಗೆ ಊಟ ಮಾಡೋಣ." ನಡುನಡುವೆ ಕೆಮ್ಮಿದರು.

ಆಮೇಲೆ ಅಕ್ಕ ಕಂಪ್ಯೂಟರಿನಲ್ಲಿ ಫ್ಯಾನಿನ ಸದ್ದು ತೆಗೆದರು. ಕೆಮ್ಮನ್ನು ಕತ್ತರಿಸುವ ಮೊದಲು ಹೆಂಡತಿಗೆ ಹೆಡ್‌ಫೋನ್ ಕೊಟ್ಟು, "ಇದನ್ನ ತೆಗೀಲಾ ಅಮ್ಮ?" ಎಂದು ಕೇಳಿದರು.

"ಬೇಡ ಕಣಮ್ಮ. ಇವ್ರು ಮನೆಗೆ ಬಂದ್ರು ಅಂತ ನಂಗೆ ಗೊತ್ತಾಗೋದೇ ಆ ಕೆಮ್ಮಿಂದ. ಇರ್ಲಿ."

ಅಕ್ಕ ಮೌಸ್‌ನಿಂದ ಕೈ ತೆಗೆದರು.

ಆಪರೇಷನ್ ಆಯಿತು. ಅವರು ಬದುಕಿದರು, ದನಿ ಹೋಯಿತು. ಕೆಲವು ತಿಂಗಳ ನಂತರ ಅವರ ಹೆಂಡತಿ ಅಕ್ಕನಿಗೆ ಫೋನ್ ಮಾಡಿದಾಗ ನಾನು ಪಕ್ಕದಲ್ಲೇ ಇದ್ದೆ.

ಅಕ್ಕ ಫೋನ್ ಇಟ್ಟು ನನ್ನ ಕಡೆ ತಿರುಗಿದರು. "ಊಟದ ಹೊತ್ತಿಗೆ ಯಜಮಾನ್ರೇ ಆ ರೆಕಾರ್ಡಿಂಗ್ ಹಾಕ್ತಾರಂತೆ ಮಾರಾಯ್ತಿ, ಆಯಮ್ಮನ್ನ ಕರೆಯೋಕೆ."