ದೇವರ ಮೇಲೆ ಹಾಕಿದ ಹೊಗಳಿಕೆ

ಯಾರಾದರೂ ಹೊಗಳಿದರೆ ಇವತ್ತಿಗೂ ನನ್ನ ಅಂಗೈ ಬೆವರುತ್ತದೆ. ಅಮ್ಮ ಬೆಳೆಸಿದ್ದೇ ಹಾಗೆ. ಇಗರ್ಜಿಯಲ್ಲಿ ಭಾನುವಾರದ ಪ್ರಾರ್ಥನೆ ಮುಗಿಸಿ ಬರುವಾಗ ಯಾರೋ "ನಿಮ್ಮ ಮಗ ಚೆನ್ನಾಗಿ ಹಾಡ್ತಾನೆ" ಅಂದರೆ ಸಾಕು, ನನ್ನ ತೋಳು ಚಿವುಟುತ್ತಿದ್ದಳು. ನಾನು ತಲೆ ತಗ್ಗಿಸಿ "ಎಲ್ಲ ದೇವರ ದಯೆ" ಅನ್ನಬೇಕು. ಅಂದೂ ಅಂದೂ ಅದು ಬಾಯಿಗೆ ಅಂಟಿಕೊಂಡುಬಿಟ್ಟಿತು.

ಯಲ್ಲಾಪುರದ ಹೆದ್ದಾರಿ ಬದಿಯ ಗ್ಯಾರೇಜಿನಲ್ಲಿ ನಾನು ಮೇಸ್ತ್ರಿ. ಮಾಲೀಕರನ್ನು ನಾವೆಲ್ಲ ಸಾಹೇಬ್ರು ಅನ್ನುತ್ತೇವೆ. ಅವರ ಟೆಂಪೊಗಳು ಬಾಡಿಗೆಗೆ ಓಡುತ್ತವೆ. ಅವನ್ನು ತೊಳೆಯಲು ಇಡಗುಂದಿ ಕಡೆಯಿಂದ ಒಬ್ಬ ಅಣ್ಣ ಬರುತ್ತಿದ್ದ, ನನಗಿಂತ ಎಷ್ಟೋ ವರ್ಷ ದೊಡ್ಡವನು. ಆ ವಾರ ಗಾಡಿ ತೊಳೆಯುವ ಮಷಿನ್ನು ಬಂದಿತ್ತು. ಸೋಮವಾರದಿಂದ ನೀನು ಬರುವುದು ಬೇಡ ಅಂತ ಅಣ್ಣನಿಗೆ ಹೇಳಿಯೂ ಆಗಿತ್ತು.

ಗುರುವಾರ ಮದುವೆ ದಿಬ್ಬಣದ ಟೆಂಪೊ ಘಟ್ಟ ಇಳಿದು ಅಂಕೋಲೆಗೆ ಹೋಗಬೇಕಿತ್ತು. ನಾನು ಮೇಲ್ಮೇಲೆ ನೋಡಿ, ಸರಿ ಇದೆ ಅಂದಿದ್ದೆ. ಚಕ್ರ ತೊಳೆಯುತ್ತಿದ್ದ ಅಣ್ಣ ಕರೆದ.

"ಮೇಸ್ತ್ರಿ, ಇಲ್ಲಿ ನೋಡಿ. ಎರಡು ಸಲ ಸೋಪು ಹಾಕ್ದೆ, ಒಳಬದಿ ಇನ್ನೂ ಕೈ ಜಾರ್ತದೆ. ಎಂತದೋ ಎಣ್ಣೆ."

"ಗ್ರೀಸ್ ಇರ್ಬೇಕು ಅಣ್ಣಾ, ತೊಳಿ ಸುಮ್ನೆ."

ಅವನು ಬಿಡಲಿಲ್ಲ. ಗೊಣಗುತ್ತಲೇ ಚಕ್ರ ಬಿಚ್ಚಿದೆ. ಬ್ರೇಕ್ ಆಯಿಲ್ ಸೋರುತ್ತಿತ್ತು! ಘಟ್ಟದ ತಿರುವುಗಳು ಕಣ್ಣ ಮುಂದೆ ಬಂದವು.

ರಿಪೇರಿಯಾಗಿ ಟೆಂಪೊ ಹೊರಟ ಮೇಲೆ ಸಾಹೇಬ್ರು, ಸೋರಿದ್ದನ್ನು ಕಂಡುಹಿಡಿದದ್ದು ನಾನೇ ಅಂದುಕೊಂಡು, ಡ್ರೈವರುಗಳನ್ನೆಲ್ಲ ಸೇರಿಸಿ ನನ್ನ ಬೆನ್ನು ತಟ್ಟಿದರು. "ನೋಡ್ರಿ, ಇಷ್ಟು ಮಂದಿ ಜೀವಾ ಉಳಿಸ್ಯಾನ. ಶಿರಸಿಯೊಳಗ ಹೊಸ ಗ್ಯಾರೇಜ್ ಮಾಡಾಕತ್ತೇನಿ, ಅದಕ್ಕ ಇವನ ಹೆಡ್ ಮೇಸ್ತ್ರಿ."

"ನಂದೇನೂ ಇಲ್ಲ ಸಾಹೇಬ್ರೆ, ಎಲ್ಲ ದೇವರ ದಯೆ" ಅಂದೆ.

"ಇದು ನೋಡ್ರಿ ಸಂಸ್ಕಾರ! ಒಂಚೂರೂ ಸೊಕ್ಕಿಲ್ಲ."

ತಗೋ, ಒಂದು ಹೊಗಳಿಕೆ ತಳ್ಳಲು ಹೋಗಿ ಇನ್ನೊಂದು ಗಿಟ್ಟಿಸಿಕೊಂಡೆ. ಅಣ್ಣ ನಲ್ಲಿಯ ಹತ್ತಿರ ಬಕೆಟ್ಟು ಹಿಡಿದು ನಿಂತಿದ್ದ. ನನ್ನತ್ತ ನೋಡಲಿಲ್ಲ. ಒಂದು ಮಾತು ಹೇಳಿದ್ದರೆ ಅವನ ಕೆಲಸ ಉಳಿಯುತ್ತಿತ್ತು. ನಾನು ಹೇಳಲಿಲ್ಲ.

ಶುಕ್ರವಾರ ಹೇಳೋಣ ಅಂದುಕೊಂಡೆ, ಸಾಹೇಬ್ರು ನಮಾಜಿಗೆ ಹೋದರು ಅನ್ನುವ ನೆಪ ಸಿಕ್ಕಿತು. ಶನಿವಾರ ಅವರು ಎದುರೇ ಕೂತಿದ್ದರು, ನಾನು ಸ್ಪ್ಯಾನರ್ ಎತ್ತಿಕೊಂಡು ಗಾಡಿಯ ಕೆಳಗೆ ನುಸುಳಿದೆ. ಸರಿ ಇದೆ ಅಂದವನು ನೀನೇ ಅಲ್ಲವೇನೋ ಅಂತ ಕೇಳಿದರೆ? ಶಿರಸಿ ಹಾಳಾಗಲಿ, ಇಲ್ಲಿಯ ಕೆಲಸವೇ ಹೋದರೆ? ಭಾನುವಾರ ಇಗರ್ಜಿಯ ಪೂಜೆಯಲ್ಲಿ ಎಲ್ಲರೊಂದಿಗೆ ಎದೆ ಬಡಿದುಕೊಂಡು ತಪ್ಪೊಪ್ಪಿಕೊಳ್ಳುವಾಗ ನನಗೆ ನನ್ನ ಮೇಲೇ ಹೇಸಿಗೆಯಾಯಿತು. ದೇವರಿಗೆ ಗೊತ್ತಿರುವುದನ್ನೇ ದೇವರಿಗೆ ಹೇಳಿ ಏನು ಪ್ರಯೋಜನ?

ಸೋಮವಾರ ಬೆಳಿಗ್ಗೆ ಸೀದಾ ಹೋಗಿ ಎಲ್ಲ ಹೇಳಿಬಿಟ್ಟೆ, ನಾನು ಸರಿಯಾಗಿ ನೋಡದೆ ಬಿಟ್ಟದ್ದನ್ನೂ. ಸಾಹೇಬ್ರು ಚಹಾದ ಗ್ಲಾಸು ಕೆಳಗಿಟ್ಟರು. ಅಣ್ಣ ತನ್ನ ಬ್ರಷ್ಷು, ಹಳೇ ಅಂಗಿ ಒಯ್ಯಲು ಬಂದಿದ್ದ. ಅವನನ್ನು ಕರೆಸಿದರು.

"ಹೌದೇನಪಾ? ನೀನ ತೋರಿಸಿದ್ಯಾ? ಮತ್ತ ಅವತ್ತ ಯಾಕ ಬಾಯಿ ಬಿಡ್ಲಿಲ್ಲ?"

ಅಣ್ಣ ನನ್ನ ಮುಖ ನೋಡಿದ. ಸಿಟ್ಟಾದರೂ ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. "ಮೇಸ್ತ್ರಿ ದೇವ್ರು ಮಾಡಿದ್ದು ಅಂದ್ರು. ಅಲ್ಲ, ನಾ ಮಾಡಿದ್ದು ಅಂತ ದೇವ್ರ ಎದ್ರಿಗೆ ಹ್ಯಾಂಗೆ ಹೇಳೂದು ಸಾಹೇಬ್ರೆ?"

ಸಾಹೇಬ್ರು "ಘಟ್ಟ ಇಳಿಯೋ ಗಾಡಿ ಇನ್ಮ್ಯಾಲೆ ನಿನ್ನ ಕೈ ಮುಟ್ಟೇ ಹೋಗ್ಲಿ" ಅಂತ ಅವನನ್ನು ಕೆಲಸಕ್ಕೆ ಕಳಿಸಿದರು. ಶಿರಸಿಗೆ ಬೇರೆಯವನನ್ನು ನೋಡುತ್ತೇನೆ ಅಂದರು. ನಾನು ಹೂಂ ಅಂದೆ.

ಅಂಗಳದಲ್ಲಿ ಅಣ್ಣ ಆಗಲೇ ಒಂದು ಚಕ್ರದ ಒಳಗೆ ಕೈಯಾಡಿಸುತ್ತಿದ್ದ. ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು "ತಪ್ಪಾಯ್ತು ಅಣ್ಣಾ" ಅಂದೆ.

"ಸ್ವಲ್ಪ ಬದಿಗೆ ಸರೀರಿ ಮೇಸ್ತ್ರಿ" ಅಂದ, "ಬೆಳಕಿಗೆ ಅಡ್ಡ ಆಗ್ತದೆ."