ದೆಹಲಿಯಿಂದ ಹಾರಿ ಬರಬೇಕಿದ್ದ ಸೋದರಮಾವ

ನನ್ನ ಮದುವೆಗೆ ಸೋದರಮಾವ ವಿಮಾನದಲ್ಲಿ ಬರುತ್ತಾನೆಂದು ಅಮ್ಮ ಊರಿಗೆಲ್ಲ ಡಂಗುರ ಹೊಡೆದಿದ್ದಳು. ‘ಬರುತ್ತಾರೆ’ ಎನ್ನಲು ನನಗೆ ಇವತ್ತಿಗೂ ಬಾಯಿ ಬರುವುದಿಲ್ಲ. ದೆಹಲಿಯಲ್ಲಿ ಸರ್ಕಾರಿ ನೌಕರಿಯಲ್ಲಿದ್ದ ಅವನು ಅಮ್ಮನಿಗಿದ್ದ ಒಬ್ಬನೇ ತಮ್ಮ. ನಿಶ್ಚಿತಾರ್ಥಕ್ಕೆ ಬಂದಾಗ ಜಗಲಿಯ ಮೇಲೆ ಕೂತು ತಾನೇ ಹೇಳಿದ್ದ:

“ಎರಡೂವರೆ ಗಂಟೆ ಕಣಕ್ಕ. ಅಲ್ಲಿ ತಿಂಡಿ ತಿಂದು ಹತ್ತುದ್ರೆ ಬೆಂಗ್ಳೂರಲ್ಲಿ ಊಟ. ಹಿಂದಿನ್ ದಿನ ಸಂಜೆ ಬಸ್ಸಿಗೆ ಇಲ್ಲಿರ್ತೀನಿ. ಮಗೀನ ನಾನೇ ಹಸೆಗೆ ಕರ್ಕೊಂಡ್ ಬತ್ತೀನಿ, ನೀನು ಯೋಚ್ನೆ ಬುಡು.”

ನಮ್ಮ ಕಡೆ ಮದುಮಗಳು ಹಸೆಮಣೆಗೆ ಬರುವುದೇ ಸೋದರಮಾವನ ಕೈ ಹಿಡಿದು. ಅಜ್ಜ ಅಜ್ಜಿ ಹೋದಮೇಲೆ ಅಮ್ಮನಿಗೆ ತವರು ಅಂತ ಉಳಿದಿದ್ದವನು ಇವನೊಬ್ಬನೇ. ಬೀಗರ ಮುಂದೆ ತನಗೂ ತವರಿದೆ ಎಂದು ತೋರಿಸಿಕೊಳ್ಳುವ ಆಸೆ ಅವಳಿಗೆ.

ಹಿಂದಿನ ಸಂಜೆ ಅಪ್ಪ ಕಿಬ್ಬನಹಳ್ಳಿ ಕ್ರಾಸಿನಲ್ಲಿ ನಿಂತು ಬೆಂಗಳೂರಿನ ಬಸ್ಸುಗಳನ್ನೆಲ್ಲ ನೋಡಿ ಬರಿಗೈಲಿ ಬಂದರು. ಬೆಳಿಗ್ಗೆಯೂ ಸುದ್ದಿಯಿಲ್ಲ. ಮುಹೂರ್ತ ಮೀರುತ್ತದೆಂದು ಪುರೋಹಿತರು ರೇಗಿದಾಗ, ಅಮ್ಮನಿಗೆ ದೂರದಿಂದ ತಮ್ಮನಾಗಬೇಕಾದ ಕಂದಿಕೆರೆಯವರೊಬ್ಬರು ನನ್ನ ಕೈ ಹಿಡಿದರು. ಬೀಗರ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಅಮ್ಮನ ತಲೆಗೆ ಒಂದೇ ಹೊಕ್ಕಿತು: ವಿಮಾನ ಬಿದ್ದಿದೆ. ಧಾರೆ ಮುಗಿದದ್ದೇ ತಡ, ಪಕ್ಕದ ಮನೆಯ ರೇಡಿಯೋ ಮುಂದೆ ಹೋಗಿ ಕೂತಳು. ಮಗಳ ಮದುವೆಯ ಊಟವನ್ನು ಮುಟ್ಟಲಿಲ್ಲ. ನಾನು ಗಂಡನ ಮನೆಗೆ ಹೊರಟು ಕಾಲಿಗೆ ಬಿದ್ದಾಗಲೂ ಅವಳ ಕಿವಿ ವಾರ್ತೆಯ ಕಡೆಗೇ ಇತ್ತು. ನನಗೆ ಹೊಟ್ಟೆ ಉರಿದುಹೋಯಿತು.

ವಾರದ ಮೇಲೆ ಗಂಡನ ಜೊತೆ ತವರಿಗೆ ಬಂದಿದ್ದೆ. ಹುಳಿಯಾರಿನ ಕೊಬ್ಬರಿ ವ್ಯಾಪಾರಿಯೊಬ್ಬರು ಅಪ್ಪನನ್ನು ಕಾಣಲು ಬಂದವರು ಕಾಫಿ ಕುಡಿಯುತ್ತಾ ಅಮ್ಮನಿಗೆ ಹೇಳಿದರು:

“ಮದ್ವೆಗೆ ಬರಕ್ಕಾಗ್ಲಿಲ್ಲ ಕಣಮ್ಮ, ಅವತ್ತೇ ಬೆಂಗ್ಳೂರಲ್ಲಿ ಒಂದು ಗೃಹಪ್ರವೇಶ ಇತ್ತು. ನಿಮ್ ತಮ್ಮನ ಹೆಂಡ್ತಿ ತವರ್ನೋರ್ದೇ. ನಿಮ್ ತಮ್ಮ ನನ್ ಪಕ್ಕದಲ್ಲೇ ಊಟಕ್ಕೆ ಕೂತಿದ್ರು.”

ಇಡೀ ದೇಶ ದಾಟಿ ಬೆಂಗಳೂರಿನವರೆಗೆ ಹಾರಿ ಬಂದಿದ್ದಾನೆ, ಭೂಪ! ಉಳಿದದ್ದು ಒಂದು ಕೆಂಪು ಬಸ್ಸಿನ ದಾರಿ. ಇವಳು ಇಲ್ಲಿ ಅವನ ಜೀವಕ್ಕೆ ಹರಕೆ ಹೊತ್ತು ಉಪವಾಸ ಕೂತಿದ್ದಳು, ಅವನು ಅಲ್ಲಿ ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದ.

ಅಮ್ಮ ಬೈಯುತ್ತಾಳೆಂದು ಕಾದೆ. ಅವಳು ಲೋಟ ತೆಗೆದುಕೊಂಡು, “ಚೆನ್ನಾಗಿದ್ನಾ? ಸೊರಗಿರ್ಲಿಲ್ಲ ತಾನೆ?” ಎಂದಳು, ಅಷ್ಟೆ.

ಸಂಜೆ ಪಕ್ಕದ ಮನೆಯಾಕೆ ಬಂದು, ಎಲ್ಲರೆದುರಿಗೆ ನನ್ನ ಗಂಡನೂ ಕೇಳಿಸಿಕೊಳ್ಳುವಂತೆ ಕೇಳಿದಳು: “ಯಾಕಕ್ಕ, ನಿನ್ ತಮ್ಮ ಬರ್ಲೇ ಇಲ್ಲ?”

ಬಾಯಿಬಿಡಲು ಹೊರಟ ನನ್ನ ತೊಡೆಯನ್ನು ಅಮ್ಮ ಗಟ್ಟಿಯಾಗಿ ಚಿವುಟಿದಳು.

“ದೆಲ್ಲಿ ಏನ್ ಇಲ್ಲೇ ಐತೇನೇ? ರೈಲಲ್ಲಿ ಎರಡು ದಿನ ಆಯ್ತದೆ. ಪಾಪ, ಅವ್ನು ಹೆಂಗ್ ಬತ್ತಾನೆ.”